ಬಾಗಿಲ ದುಡ್ಡು ಬಾಗಿಲ ಒಳಗೇ ಉಳಿಯಲಿ

ಗೆ,
ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಹಾಗೂ ರಾಜ್ಯ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳು,
ಚಿತ್ರದುರ್ಗ ಮತ್ತು ದಾವಣಗೆರೆಯ ಜಿಲ್ಲಾಧಿಕಾರಿಗಳು

ಮಾನ್ಯರೇ,

ನಾನು ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ, ಮದುವೆಯಾಗಿ ಬಂದದ್ದು ಚಿತ್ರದುರ್ಗಕ್ಕೆ. ತವರಿನಲ್ಲಿ ಪುಷ್ಕರಣಿ, ಗಂಡನ ಮನೆಯ ಊರಿನಲ್ಲಿ ಕೋಟೆ. ಮೊದಲನೆಯದರ ಒಳಗೆ ನಾನು ಎಂದೂ ದುಡ್ಡು ಕೊಟ್ಟು ಹೋದವಳಲ್ಲ. ಎರಡನೆಯದಕ್ಕೆ ಟಿಕೆಟ್ ಇದೆ. ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ, ಊರಿನ ಬಗ್ಗೆ ಬರೆದದ್ದು ಕೈಗೆ ಸಿಕ್ಕರೆ ಬಿಡದೆ ಓದುವ ಅಭ್ಯಾಸ. ಈ ಪತ್ರ ಬರೆಯಲು ನನಗಿರುವ ಅರ್ಹತೆ ಇಷ್ಟೇ.

ಹೋದ ಯುಗಾದಿಗೆ ತವರಿಗೆ ಹೋಗಿದ್ದೆ. ಸಂಜೆ ಹೊತ್ತು ನಮ್ಮಣ್ಣ, ಚಿಕ್ಕಮ್ಮ, ಮನೆಯ ಮಕ್ಕಳು ಎಲ್ಲ ಹೊಂಡದ ಮೆಟ್ಟಿಲ ಮೇಲೆ ಕೂತಿದ್ದೆವು. ನಮ್ಮ ಮನೆಯಲ್ಲಿ ಅದನ್ನು ಪುಷ್ಕರಣಿ ಅನ್ನುವುದು ನೆಂಟರು ಬಂದಾಗ ಮಾತ್ರ, ನಮ್ಮ ಬಾಯಲ್ಲಿ ಅದು ಹೊಂಡ. ನೀರಿನ ನಡುವೆ ವಸಂತ ಮಂಟಪ, ದಡದಲ್ಲಿ ಬಿಜಾಪುರದವರ ಕಾಲದ ಕಮಾನುಗಳ ಮುಸಾಫಿರ್‌ಖಾನೆ. ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ ಹೊಂಡ, ಆ ಮನೆತನವನ್ನು ಸೋಲಿಸಿ ಬಂದವರು ಎಬ್ಬಿಸಿದ ಕಟ್ಟಡ, ಎರಡೂ ಒಂದೇ ನೀರಿನಲ್ಲಿ ಮುಖ ನೋಡಿಕೊಳ್ಳುತ್ತವೆ. ಅವತ್ತು ಆ ನೀರಿನ ಅಂಚಿನಲ್ಲಿ ನಾಲ್ಕಾರು ಬಾಟಲಿ, ಗುಟ್ಕಾ ಚೀಟಿ, ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಬಂದವರು ಬಿಟ್ಟುಹೋದ ಬಲೂನಿನ ಚೂರುಗಳು ತೇಲುತ್ತಿದ್ದವು.

ನಮ್ಮಣ್ಣ ಹೇಳಿದ: "ಇಲ್ಲೂ ದುರ್ಗದ ಥರ ಟಿಕೆಟ್ ಇಟ್ಟರೆ ಸರಿಹೋಗುತ್ತೆ ಕಣವ್ವ. ದುಡ್ಡು ಕೊಟ್ಟು ಒಳಗೆ ಬಂದವರಿಗೆ ಅದರ ಬೆಲೆ ಗೊತ್ತಿರುತ್ತೆ."

ಚಿಕ್ಕಮ್ಮ ಅಡಿಕೆ ಹೋಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು. "ಹಂಗಾದ್ರೆ ನಾನೂ ರೊಕ್ಕ ಕೊಟ್ಟೇ ಬರಬೇಕೇನಪ್ಪಾ? ಈ ಊರಿಗೆ ಕಾಲಿಟ್ಟಾಗಿಂದ ಇಲ್ಲೇ ಕೂತು ದಣಿವಾರಿಸಿಕೊಂಡೀನಿ."

ಅಣ್ಣನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಇಬ್ಬರ ಮಾತೂ ಸರಿ ಎಂದೇ ಅನ್ನಿಸಿತು. ಅಲ್ಲಿಂದ ವಾಪಸ್ ಬಂದ ಮೇಲೆ ತಿಂಗಳುಗಟ್ಟಲೆ ಯೋಚಿಸಿ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ. ಹಳೆಯ ಊರು, ಕೋಟೆ, ಹೊಂಡ ನೋಡಲು ಬರುವವರಿಂದ ದುಡ್ಡು ತೆಗೆದುಕೊಳ್ಳಿ, ನನ್ನ ತಕರಾರಿಲ್ಲ. ಆದರೆ ಒಂದು ಬಾಗಿಲಲ್ಲಿ ಎತ್ತಿದ ದುಡ್ಡಿನ ಪಾಲು ಆ ಬಾಗಿಲ ಒಳಗೆ ಕಾಣಬೇಕು. ಆ ಜಾಗದ ಜೊತೆ ಬದುಕು ಕಟ್ಟಿಕೊಂಡವರನ್ನು ಹೊರಗೆ ನಿಲ್ಲಿಸಿ ದುಡ್ಡು ಎತ್ತಬಾರದು.

ದುರ್ಗದ ಕೋಟೆಯ ಲೆಕ್ಕದಿಂದ ಶುರುಮಾಡುತ್ತೇನೆ. ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ ಹಂಪಿ, ಪಟ್ಟದಕಲ್ಲಿನಂಥ ವಿಶ್ವ ಪರಂಪರೆಯ ತಾಣಗಳಿಗೆ ಒಂದು ದರ, ನಮ್ಮ ಕೋಟೆಯಂಥವುಗಳಿಗೆ ಇನ್ನೊಂದು. ನಮ್ಮ ದರ್ಜೆಯ ಟಿಕೆಟ್ 5 ರೂಪಾಯಿ ಇತ್ತು. 2016ರಲ್ಲಿ 15 ಆಯಿತು, 2018ರಲ್ಲಿ 25 ಆಯಿತು. ಎರಡೇ ವರ್ಷದಲ್ಲಿ ಐದು ಪಟ್ಟು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಅದಕ್ಕೆ ನಿಮಗೆ ಕೃತಜ್ಞತೆ. ಆದರೆ ಓಬವ್ವನ ಕಥೆ ಪಾಠದಲ್ಲಿ ಓದಿ, ಈ ಸಲ ರಜೆಗೆ ಕರಕೊಂಡು ಹೋಗಿ ಎಂದು ಮನೆಯಲ್ಲಿ ಹಟ ಹಿಡಿಯುವ ಎಸ್‌ಎಸ್‌ಎಲ್‌ಸಿ ಹುಡುಗಿಗೆ 15 ತುಂಬಿರುತ್ತದೆ.

25 ರೂಪಾಯಿ ಏನು ದೊಡ್ಡದು, ಒಂದು ಮಸಾಲೆ ದೋಸೆಗೂ ಸಾಲದು ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ತಿಂಗಳ ಸಂಬಳ ಬರುವ ನಮಗೆ ದೊಡ್ಡದಲ್ಲ, ನಿಜ. ನರೇಗಾದಲ್ಲಿ 2024-25ರ ಸಾಲಿಗೆ ನಮ್ಮ ರಾಜ್ಯದ ದಿನಗೂಲಿ 349 ರೂಪಾಯಿ ಇತ್ತು. ಮನೆಯ ಐವರು ದೊಡ್ಡವರು ಕೋಟೆ ಹತ್ತಿದರೆ 125 ರೂಪಾಯಿ, ಅಂದರೆ ಬಿಸಿಲಲ್ಲಿ ಬದು ಕಡಿದ ಒಂದು ದಿನದ ಕೂಲಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು. ಗಾಡಿ ನಿಲ್ಲಿಸುವ ದುಡ್ಡು, ಮಕ್ಕಳ ಕೈಗೆ ಸೌತೆಕಾಯಿ, ಮಂಡಕ್ಕಿ ಬೇರೆ.

ಕಣ್ಣಾರೆ ಕಂಡ ಒಂದು ಸಂಗತಿ ಹೇಳಬೇಕು. ಜಾಗದ ಹೆಸರು ಬರೆಯುವುದಿಲ್ಲ, ಅಲ್ಲಿ ಕೂತಿದ್ದ ಹುಡುಗ ತನಗೆ ಹೇಳಿದ್ದನ್ನು ಮಾಡುತ್ತಿದ್ದ. ಟಿಕೆಟ್ ಕಿಂಡಿಯ ಮುಂದೆ ನನಗಿಂತ ಮೊದಲು ಒಂದು ಕುಟುಂಬ ನಿಂತಿತ್ತು. ಅಜ್ಜಿ, ಮಗಳು, ಸೊಸೆ, ಅವರ ಸೆರಗು ಹಿಡಿದ ಮೂರು ಮಕ್ಕಳು. ಮಾತಿನ ಧಾಟಿ ಚಳ್ಳಕೆರೆ ಕಡೆಯದು. ಶಕ್ತಿ ಯೋಜನೆಯ ಬಸ್ಸಿನಲ್ಲಿ ಬಂದವರು, ಆದ್ದರಿಂದ ಅಲ್ಲಿಯವರೆಗೆ ಕೈಯಿಂದ ಒಂದು ರೂಪಾಯಿಯೂ ಬಿಟ್ಟಿರಲಿಲ್ಲ. ಕಿಂಡಿಯೊಳಗಿನ ಹುಡುಗ "ನಗದು ಇಲ್ಲಮ್ಮ, ಸ್ಕ್ಯಾನ್ ಮಾಡಿ" ಅಂದ. ಅಜ್ಜಿಗೆ ಅರ್ಥವಾಗಲಿಲ್ಲ. ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗಿನಿಂದ ನಾಲ್ಕು ಮಡಿಕೆಯ ನೂರರ ನೋಟು ತೆಗೆದು, ಮಡಿಕೆ ಬಿಡಿಸಿ, ಅಂಗೈಯಿಂದ ಉಜ್ಜಿ ಒಳಗೆ ಚಾಚಿದರು. ಹುಡುಗ ಮತ್ತೆ ಗೋಡೆಯ ಮೇಲಿನ ಕೋಡ್ ತೋರಿಸಿದ. ಮಗಳ ಕೈಯಲ್ಲಿದ್ದದ್ದು ಬಟನ್ ಫೋನು. "ನಡೀರಿ, ಹೊರಗಿಂದ್ಲೇ ನೋಡಿದ್ರೆ ಆತು" ಎಂದು ಅಜ್ಜಿ ಮಕ್ಕಳ ಕಡೆ ತಿರುಗಿದರು.

ನಾನು ನನ್ನ ಫೋನಿನಲ್ಲಿ ಅವರ ಟಿಕೆಟ್ ತೆಗೆದೆ. ಅಜ್ಜಿ ನೋಟನ್ನು ನನ್ನ ಕೈಗೆ ತುರುಕಿ "ಪುಕ್ಕಟೆ ಬ್ಯಾಡ ತಾಯಿ, ಮಿಕ್ಕಿದ್ದು ಕೊಡು" ಎಂದು ಚಿಲ್ಲರೆ ಎಣಿಸಿ ತೆಗೆದುಕೊಂಡೇ ಒಳಗೆ ಹೋದರು.

ದುಡ್ಡು ಇತ್ತು, ಕೊಡುವ ಮನಸ್ಸೂ ಇತ್ತು. ಸರ್ಕಾರವೇ ಅಚ್ಚು ಹಾಕಿದ ನೋಟಿಗೆ ಸರ್ಕಾರವೇ ಕಾಯುವ ಸ್ಮಾರಕದ ಬಾಗಿಲಲ್ಲಿ ಬೆಲೆ ಇರಲಿಲ್ಲ. ಫೋನಿನಲ್ಲಿ ಟಿಕೆಟ್ ಮಾಡಿದವರಿಗೆ 5 ರೂಪಾಯಿ ರಿಯಾಯಿತಿ ಕೊಡುವ ಪದ್ಧತಿ 2018ರಿಂದ ಇದೆ. ರಿಯಾಯಿತಿ ಸಿಗುತ್ತಿರುವುದು ನನ್ನಂಥವರಿಗೆ. ಸಿಗಬೇಕಾದದ್ದು ಆ ಅಜ್ಜಿಗೆ. ದಯವಿಟ್ಟು ನಮ್ಮ ಎರಡೂ ಜಿಲ್ಲೆಗಳಲ್ಲಿ ಟಿಕೆಟ್ ಇರುವ ಪ್ರತಿಯೊಂದು ಕಡೆಯೂ ನಗದು ತೆಗೆದುಕೊಳ್ಳುವ ಒಂದು ಕಿಂಡಿ, ಅದರಲ್ಲಿ ಒಬ್ಬ ಮನುಷ್ಯ ಇರಲೇಬೇಕು ಎಂದು ಆದೇಶಿಸಿ.

ಇನ್ನು ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬ ಮಾತು. ಕೋಟೆಯಲ್ಲಿ ಹರಿದ ಟಿಕೆಟ್ಟಿನ ದುಡ್ಡಿನಿಂದ ಕೋಟೆಯ ಕಳೆ ಕೀಳಿಸುತ್ತಾರೆ, ಬಿದ್ದ ಕಲ್ಲು ಎತ್ತಿ ನಿಲ್ಲಿಸುತ್ತಾರೆ ಎಂದು ನಾನೂ ಬಹಳ ವರ್ಷ ನಂಬಿದ್ದೆ. ಆ ದುಡ್ಡು ಸೇರುವುದು ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರ ಸರ್ಕಾರದ ಒಟ್ಟು ಖಜಾನೆಗೆ. ಇಲಾಖೆಗೆ ಬಜೆಟ್ಟಿನಲ್ಲಿ ಬೇರೆಯಾಗಿ ಅನುದಾನ ಬರುತ್ತದೆ. ಓಬವ್ವನ ಕಿಂಡಿ ನೋಡಲು ಎಷ್ಟು ಜನ ಬಂದರು ಎಂಬುದಕ್ಕೂ ಓಬವ್ವನ ಕಿಂಡಿಯ ಹತ್ತಿರ ಎಷ್ಟು ಕೆಲಸ ಆಯಿತು ಎಂಬುದಕ್ಕೂ ನೇರ ಸಂಬಂಧ ಇಲ್ಲ.

ಈ ಏರ್ಪಾಡಿಗೂ ಒಂದು ನ್ಯಾಯ ಇದೆ, ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ದೇಶದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕಗಳು 3,600ಕ್ಕೂ ಹೆಚ್ಚು, ಅವುಗಳಲ್ಲಿ ಟಿಕೆಟ್ ಇರುವುದು 150ಕ್ಕೂ ಕಡಿಮೆ ಕಡೆ. ಕೂಡು ಕುಟುಂಬದಲ್ಲಿ ದುಡಿಯುವ ಒಬ್ಬಿಬ್ಬರು ಉಳಿದವರನ್ನೆಲ್ಲ ಸಾಕಿದ ಹಾಗೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೇ ನೋಡಿ. 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದ ಅಶೋಕನ ಶಾಸನ ಅಲ್ಲಿದೆ. ಅದನ್ನು ಬರೆದವನು ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ 'ಲಿಪಿಕಾರ' ಎಂಬ ತನ್ನ ಕಸುಬಿನ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ವಾಯವ್ಯ ಗಡಿಯ ಲಿಪಿ ಬಲ್ಲ ಒಬ್ಬ ಬರಹಗಾರ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದೆ ನಮ್ಮ ಬಯಲುಸೀಮೆಯ ಬಂಡೆಯ ಮುಂದೆ ಕೂತು ತನ್ನ ಗುರುತು ಬಿಟ್ಟುಹೋದ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಅಂಥ ಜಾಗದಲ್ಲಿ ಟಿಕೆಟ್ ಇಟ್ಟರೆ ಟಿಕೆಟ್ ಕೊಡುವವನ ಸಂಬಳವೂ ಹುಟ್ಟುವುದು ಕಷ್ಟ. ಅದನ್ನು ಕಾಯಬೇಕಾದರೆ ಬೇರೆ ಕಡೆ ದುಡಿದ ದುಡ್ಡೇ ಬೇಕು.

ಆದ್ದರಿಂದ ಪೂರ್ತಿ ದುಡ್ಡು ಇಲ್ಲೇ ಇರಲಿ ಎಂದು ಕೇಳುವುದಿಲ್ಲ. ಅರ್ಧ ಕೊಡಿ. 25ರಲ್ಲಿ ಹನ್ನೆರಡೂವರೆ ರೂಪಾಯಿ ದೆಹಲಿಗೆ ಹೋಗಲಿ, ಹನ್ನೆರಡೂವರೆ ದುರ್ಗದಲ್ಲಿ ಉಳಿಯಲಿ, ಅದರಲ್ಲೇ ಒಂದು ಪಾಲು ಬ್ರಹ್ಮಗಿರಿಗೂ ದುರ್ಗದ ಪಕ್ಕದ ಹಳೆಯ ನೆಲೆ ಚಂದ್ರವಳ್ಳಿಗೂ ಸಿಗಲಿ. ಇದಕ್ಕೆ ನಿಯಮ ಬದಲಾಗಬೇಕು, ಅದು ಜಿಲ್ಲೆಯ ಮಟ್ಟದಲ್ಲಿ ಆಗುವ ಕೆಲಸವಲ್ಲ ಎಂಬುದು ನನಗೆ ಗೊತ್ತು. ಆದರೆ ಜಿಲ್ಲೆಯಿಂದ ಬರಹದಲ್ಲಿ ಬೇಡಿಕೆ ಹೋಗದೆ ದೆಹಲಿಯಲ್ಲಿ ಯಾರೂ ಕಡತ ತೆರೆಯುವುದಿಲ್ಲ. ಆ ಬೇಡಿಕೆ ನಿಮ್ಮ ಸಹಿಯಲ್ಲಿ ಹೋಗಬೇಕು.

ಯಾವ ನಿಯಮವನ್ನೂ ಬದಲಿಸದೆ ನಾಳೆಯೇ ಮಾಡಬಹುದಾದದ್ದು ಒಂದಿದೆ. ನಮ್ಮ ಹಳ್ಳಿಗಳಲ್ಲಿ ಜಾತ್ರೆ ಮುಗಿದ ಮೇಲೆ ಸಮಿತಿಯವರು ಜಮಾ ಖರ್ಚು ಬರೆದು ಗುಡಿಯ ಗೋಡೆಗೆ ಅಂಟಿಸುತ್ತಾರೆ. ಪಟ್ಟಿ ಎತ್ತಿದ್ದು ಇಷ್ಟು, ಹುಂಡಿಯಲ್ಲಿ ಬಿದ್ದದ್ದು ಇಷ್ಟು, ತೇರಿನ ಹಗ್ಗಕ್ಕೆ ಇಷ್ಟು, ದಾಸೋಹದ ಅಕ್ಕಿಗೆ ಇಷ್ಟು. ಓದಲು ಬಾರದವರೂ ಓದುವವರನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಾರೆ. ತಪ್ಪಿದ್ದರೆ ಅಲ್ಲೇ ಜಗಳ ಆಗುತ್ತದೆ, ಮುಂದಿನ ವರ್ಷ ಸರಿಹೋಗುತ್ತದೆ. ಅದೇ ಥರ ಕೋಟೆಯ ಬಾಗಿಲಲ್ಲಿ ಕನ್ನಡದಲ್ಲಿ ಒಂದು ಫಲಕ ಇರಲಿ: ಈ ತಿಂಗಳು ಬಂದವರು ಎಷ್ಟು, ಟಿಕೆಟ್ಟಿನ ದುಡ್ಡು ಎಷ್ಟು, ಈ ವರ್ಷ ಈ ಕೋಟೆಗೆ ಖರ್ಚು ಮಾಡಿದ್ದು ಎಷ್ಟು, ಯಾವ ಕೆಲಸಕ್ಕೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ನಮ್ಮ ಸೀಮೆಯ ಮಕ್ಕಳೂ ಹೇಳುವ ಮಾತು 'ಮಾಡಿದಷ್ಟು ನೀಡು ಭಿಕ್ಷೆ'. ಕೆರೆ ಕಟ್ಟಿಸಿದ ಆ ಸಂತರು ಯಾವ ಕೂಲಿಯವನ ದುಡಿಮೆಯನ್ನೂ ಇಟ್ಟುಕೊಳ್ಳಲಿಲ್ಲ ಎಂಬುದು ಇಲ್ಲಿನ ಜನರ ನಂಬಿಕೆ. ಕೋಟೆಯೂ ಒಂದು ಲೆಕ್ಕದಲ್ಲಿ ದುಡಿಯುತ್ತಿದೆ. ಅದಕ್ಕೂ ಅದು ಮಾಡಿದಷ್ಟು ಸಿಗಲಿ.

ಈಗ ಚಿಕ್ಕಮ್ಮನ ಪ್ರಶ್ನೆಗೆ ಬರುತ್ತೇನೆ. ಹೊರಗಿನವರಿಗೆ ದುರ್ಗದ ಕೋಟೆ ಎಂದರೆ ಬೆಟ್ಟ ಮಾತ್ರ. ಏಳು ಸುತ್ತಿನ ಕೋಟೆಯ ಕೆಳಗಿನ ಸುತ್ತುಗಳು ಇರುವುದು ಊರೊಳಗೆ, ಅವುಗಳ ಮಗ್ಗುಲಲ್ಲೇ ನಮ್ಮ ಮನೆಗಳು, ಅಂಗಡಿಗಳು. ರಂಗಯ್ಯನ ಬಾಗಿಲ ಹತ್ತಿರ ಸಿಗೋಣ ಎಂದು ದಿನಕ್ಕೆ ನಾಲ್ಕು ಸಲ ಹೇಳುವ ನಮಗೆ ಅದು ಸ್ಮಾರಕ ಎಂಬುದು ನೆನಪಿಗೆ ಬರುವುದೇ ಇಲ್ಲ. 19 ಅಗಸೆ, 38 ದಿಡ್ಡಿ ಬಾಗಿಲು, 35 ಕಳ್ಳಗಂಡಿ ಎಂದು ಇಲ್ಲಿ ಬಾಯಿಲೆಕ್ಕ ಹೇಳುತ್ತಾರೆ. ಅಷ್ಟು ಬಾಗಿಲುಗಳ ಕೋಟೆಗೆ ಈಗ ನೀವು ಲೆಕ್ಕ ಇಡುವುದು ಒಂದೇ ಬಾಗಿಲಲ್ಲಿ. ಬೆಟ್ಟದ ಮೇಲೆ ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಗೋಪಾಲಸ್ವಾಮಿ, ದುರ್ಗದ ಶಕ್ತಿದೇವತೆ ಏಕನಾಥೇಶ್ವರಿ ಇದ್ದಾರೆ. ಮಡಿಲು ತುಂಬಲು ಬಂದ ಹೆಂಗಸು ಪ್ರವಾಸಿಯಲ್ಲ. ಹಂಪಿಯಲ್ಲಿ ಇದನ್ನು ಬಹಳ ಹಿಂದೆಯೇ ಬಗೆಹರಿಸಿದ್ದಾರೆ. ವಿಜಯ ವಿಠಲನ ಆವರಣಕ್ಕೂ ಕಮಲ ಮಹಲಿರುವ ಆವರಣಕ್ಕೂ ಟಿಕೆಟ್, ಪೂಜೆ ನಡೆಯುವ ವಿರೂಪಾಕ್ಷನ ಗುಡಿಗೆ ಆ ಟಿಕೆಟ್ ಇಲ್ಲ. ಅದೇ ಹಂಪಿಯಲ್ಲಿ 2011ರಲ್ಲಿ ಬಜಾರಿನ ಮಂಟಪಗಳಲ್ಲಿ ಸಂಸಾರ ಮಾಡುತ್ತಿದ್ದವರ ಮನೆ ಅಂಗಡಿಗಳನ್ನು ಕೆಡವಿದ್ದೂ ನಮಗೆ ನೆನಪಿದೆ. ಕಲ್ಲು ಉಳಿಸುವ ಆತುರದಲ್ಲಿ ಊರನ್ನೇ ಎತ್ತಿಹಾಕುವ ಭಯ ಹಳೆಯ ಊರಿನವರಿಗೆಲ್ಲ ಇರುವುದು ಇದೇ ಕಾರಣಕ್ಕೆ. ಟಿಕೆಟ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಚಿಕ್ಕಮ್ಮನ ಕೈ ನಿಂತದ್ದೂ ಅದಕ್ಕೇ ಇರಬೇಕು.

ಇಡೀ ಊರಿಗೇ ಟಿಕೆಟ್ ಹಾಕಿದ ಕಡೆಗಳ ಕಥೆ ಓದಿದ್ದೇನೆ. ಚೀನಾದ ಹುನಾನ್ ಪ್ರಾಂತ್ಯದಲ್ಲಿ ಫೆಂಗ್‌ಹುವಾಂಗ್ ಎಂಬ ಹೊಳೆದಡದ ಹಳೆಯ ಪೇಟೆ ಇದೆ. 2013ರ ಏಪ್ರಿಲ್‌ನಲ್ಲಿ ಪೇಟೆಯೊಳಗೆ ಕಾಲಿಡುವುದಕ್ಕೇ 148 ಯುವಾನ್ ಇಟ್ಟರು. ಅಂಗಡಿಯವರು, ದೋಣಿಯವರು ಬೀದಿಗಿಳಿದು ಪ್ರತಿಭಟಿಸಿದರು. ಜನ ಬರುವುದೇ ನಿಂತರೆ ನಮ್ಮ ವ್ಯಾಪಾರ ಏನಾಗಬೇಕು ಎಂಬುದು ಅವರ ಸಂಕಟ. ಮೂರು ವರ್ಷ ಕಳೆದು 2016ರಲ್ಲಿ ಆ ಶುಲ್ಕ ತೆಗೆದರು.

ಇದಕ್ಕೆ ತದ್ವಿರುದ್ಧವಾದದ್ದು ಇಟಲಿಯ ಚಿವಿತಾ. ಸವೆದು ಸವೆದು ಕುಸಿಯುತ್ತಿರುವ ಗುಡ್ಡದ ಮೇಲೆ, ಒಂದು ಕಾಲುಸೇತುವೆಯ ತುದಿಯಲ್ಲಿರುವ ಪುಟ್ಟ ಹಳ್ಳಿ. ವರ್ಷವಿಡೀ ಅಲ್ಲೇ ವಾಸ ಮಾಡುವವರು ಬೆರಳೆಣಿಕೆಯಷ್ಟು ಜನ. 2013ರಲ್ಲಿ ಒಂದೂವರೆ ಯೂರೊ ಶುಲ್ಕ ಇಟ್ಟರು, ಆಮೇಲೆ 5 ಯೂರೊವರೆಗೆ ಏರಿಸಿದರು. ಜನ ಕಡಿಮೆಯಾಗಲಿಲ್ಲ, ಹೆಚ್ಚಾದರು. ಆ ಆದಾಯದಿಂದ ಅಲ್ಲಿನ ಪುರಸಭೆ ತನ್ನ ನಿವಾಸಿಗಳ ಸ್ಥಳೀಯ ತೆರಿಗೆಯನ್ನೇ ಮನ್ನಾ ಮಾಡಿತು. ನೇಪಾಳದ ಭಕ್ತಪುರದಲ್ಲಿ ಶುಲ್ಕ ವಿದೇಶಿಯರಿಗೆ ಮಾತ್ರ, ಎತ್ತುವುದು ಪುರಸಭೆ, ಗುಡಿ, ಛತ್ರ, ಹೊಂಡಗಳ ದುರಸ್ತಿಗೆ ಖರ್ಚು ಮಾಡುವುದೂ ಅದೇ ಪುರಸಭೆ. ಚಿವಿತಾ ಮತ್ತು ಭಕ್ತಪುರದಲ್ಲಿ ದುಡ್ಡು ಎಣಿಸುವ ಕೈ ಊರಿನದು. ನನಗೆ ಕಂಡ ವ್ಯತ್ಯಾಸ ಅದೊಂದೇ, ಆದರೆ ಅದು ಬಹಳ ದೊಡ್ಡದು.

ಸಂತೇಬೆನ್ನೂರಿನ ವಿಷಯಕ್ಕೆ ನನ್ನ ಕೋರಿಕೆ ಹೀಗಿದೆ. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾದಾಗ ಚನ್ನಗಿರಿ ತಾಲ್ಲೂಕು ಶಿವಮೊಗ್ಗದಿಂದ ಬಂದು ಸೇರಿತು. ಹರಿಹರದ ಹರಿಹರೇಶ್ವರ, ಸೂಳೆಕೆರೆ, ನಮ್ಮ ಹೊಂಡ, ಮೂರೂ ಒಂದೇ ದಿನದಲ್ಲಿ ನೋಡಿ ಮುಗಿಸಬಹುದಾದ ದಾರಿ ಈ ಜಿಲ್ಲೆಗೆ ಸಿಕ್ಕಿದೆ. ನಾಳೆ ಅಲ್ಲಿ ಶುಲ್ಕ ಇಡುವ ಯೋಚನೆ ಬಂದರೆ ಮೊದಲು ಗ್ರಾಮಸಭೆ ಕರೆದು ಕೇಳಿ. ಕೇಳುವ ಮೊದಲು ಹೆಂಗಸರಿಗೊಂದು ಶೌಚಾಲಯ, ಕುಡಿಯುವ ನೀರು, ಕಸದ ಡಬ್ಬಿ, ಆ ಡಬ್ಬಿ ತುಂಬಿದಾಗ ಖಾಲಿ ಮಾಡುವವರು ಇದ್ದಾರೆಯೇ ಎಂದು ನೋಡಿಕೊಳ್ಳಿ. ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಎಂದು ಬಂದವರು ಕೇಳಿದರೆ ಕೈ ತೋರಿಸಲು ಏನಾದರೂ ಇರಬೇಕು. ಊರಿನ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಗೈಡ್ ಕೆಲಸ ಕೊಡಿ. ಮುಸಾಫಿರ್‌ಖಾನೆಯ ಕಮಾನಿಗೂ ವಸಂತ ಮಂಟಪದ ಗಾರೆಗೂ ಇರುವ ನಂಟನ್ನು ಅಲ್ಲೇ ಹುಟ್ಟಿ ಬೆಳೆದವರಷ್ಟು ಪ್ರೀತಿಯಿಂದ ಯಾರು ಹೇಳುತ್ತಾರೆ? ಮದುವೆಯ ಫೋಟೊ, ಸಿನಿಮಾ ಚಿತ್ರೀಕರಣ ಎಂದು ಗಂಟೆಗಟ್ಟಲೆ ಜಾಗ ಹಿಡಿಯುವವರಿಂದ ಧಾರಾಳವಾಗಿ ವಸೂಲಿ ಮಾಡಿ. ಬೆಂಗಳೂರಿನಿಂದ ಕಾರಿನಲ್ಲಿ ಬಂದವರು 50 ರೂಪಾಯಿ ಕೊಡಲಿ, ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಸಂತೇಬೆನ್ನೂರಿನವರಿಗೆ ಮಾತ್ರ ಯಾವತ್ತೂ ಟಿಕೆಟ್ ಬೇಡ. ಅವರ ಹತ್ತಿರ ಗುರುತಿನ ಚೀಟಿಯನ್ನೂ ಕೇಳಬೇಡಿ. ಬಾಗಿಲಲ್ಲಿ ಊರಿನವರನ್ನೇ ಕೂರಿಸಿದರೆ ಯಾರು ಯಾರ ಮನೆಯವರು ಎಂಬುದು ಅವರಿಗೆ ತಾನಾಗಿ ಗೊತ್ತಿರುತ್ತದೆ.

ಇನ್ನೊಂದನ್ನು ಕೇಳಿ ಮುಗಿಸುತ್ತೇನೆ. ಓಬವ್ವ ರಾಣಿಯಲ್ಲ, ಸೇನಾಪತಿಯ ಮಗಳಲ್ಲ. ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಕೂತಾಗ ನೀರು ತರಲು ಹೋದವಳು ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡಳು, ಕೈಗೆ ಸಿಕ್ಕಿದ್ದು ಒನಕೆ. ಕಾಳು ಕುಟ್ಟುವ, ನೀರು ಹೊರುವ ಹೆಂಗಸು ಕಾಯ್ದ ಕೋಟೆ ಇದು. ನವೆಂಬರ್ 11ರಂದು ಸರ್ಕಾರವೇ ಓಬವ್ವನ ಜಯಂತಿ ಆಚರಿಸುತ್ತದೆ. ವೇದಿಕೆ, ಮಾಲೆ, ಭಾಷಣ ಎಲ್ಲ ಇರಲಿ. ಆ ಒಂದು ದಿನ ಕೋಟೆಯ ಬಾಗಿಲು ಎಲ್ಲರಿಗೂ ಟಿಕೆಟ್ ಇಲ್ಲದೆ ತೆರೆದಿರಲಿ ಎಂದು ಆದೇಶ ಹೊರಡಿಸಿ, ಅದನ್ನು ಒಂದು ತಿಂಗಳು ಮೊದಲೇ ಬಸ್ ನಿಲ್ದಾಣಗಳಲ್ಲಿ ಬರೆಸಿ ಹಾಕಿ. ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮೂರಿನಿಂದ ಬಸ್ಸು ಹತ್ತುವ ಹೆಂಗಸರಿಗೆ ಅದು ಕಾಣಲಿ. ನಮ್ಮ ಚಿಕ್ಕಮ್ಮನಿಗೆ ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಇರಲು ಹೇಳಿದ್ದೇನೆ. ಬೆಳಿಗ್ಗೆ ಆರಕ್ಕೆಲ್ಲ ಬಾಗಿಲ ಹತ್ತಿರ ಇರುತ್ತೇವೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಸಂತೇಬೆನ್ನೂರಿನ ಮಗಳು, ದುರ್ಗದ ಸೊಸೆ